ಜಯಮ್ಮನ ಜಪಾನು

ದಾರಿ ಗೊತ್ತಿರುವವನಿಗೆ ನಾಡು ಗೊತ್ತಿರುತ್ತದೆ ಎಂದು ಜನ ನಂಬುತ್ತಾರೆ. ಈ ನಂಬಿಕೆಯ ಮೇಲೆ ನಾನು ಇಪ್ಪತ್ತಾರು ವರ್ಷ ಅನ್ನ ಉಂಡೆ. ಖಾಸಗಿ ಬಸ್ಸೊಂದರ ಕಂಡಕ್ಟರಾಗಿ ಬೆಳಿಗ್ಗೆ ಕೊರಟಗೆರೆಯಿಂದ ಮಧುಗಿರಿ, ಮಧುಗಿರಿಯಿಂದ ಬಡವನಹಳ್ಳಿಯ ಮೇಲೆ ಶಿರಾ, ಊಟವಾದ ಮೇಲೆ ತಿರುಗಿ ಪಾವಗಡ, ಹೀಗೆ ಗಾಣದೆತ್ತಿನಂತೆ ಸುತ್ತಿದವನು ನಾನು. ಯಾವ ತಿರುವಿನಲ್ಲಿ ಯಾರು ಕೈ ಅಡ್ಡ ಹಿಡಿಯುತ್ತಾರೆ, ಯಾವ ಹುಣಸೆಮರದ ಕೆಳಗೆ ಯಾವ ಅಜ್ಜಿ ಕೋಳಿಬುಟ್ಟಿಯ ಜೊತೆ ಕಾದಿರುತ್ತಾಳೆ, ಅರ್ಧ ಟಿಕೆಟ್ಟಿನ ಹುಡುಗ ಮೀಸೆ ಬಂದ ಮೇಲೂ ಯಾವ ಸ್ಟಾಪಿನಲ್ಲಿ ಅರ್ಧ ಟಿಕೆಟ್ಟೇ ಕೇಳುತ್ತಾನೆ, ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಹೇಳಬಲ್ಲವನಾಗಿದ್ದೆ. ಕಣ್ಣು ಮುಚ್ಚಿಕೊಂಡು ಎಂದೆನಲ್ಲ, ಅದು ಬಾಯಿತಪ್ಪಿ ಬಂದ ಸತ್ಯ. ಇಪ್ಪತ್ತಾರು ವರ್ಷವೂ ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ.

ಈಗ ವಯಸ್ಸು ಎಂಬತ್ತರ ಹತ್ತಿರ ಬಂದಿದೆ. ಈ ವಯಸ್ಸಿನಲ್ಲಿ ಮನುಷ್ಯ ಮಾಡಿದ ಒಳ್ಳೆಯ ಕೆಲಸಗಳನ್ನು ನೆನೆದು ಸಮಾಧಾನಪಡಬೇಕಂತೆ. ನಾನು ಕೂತು ನೆನೆದರೆ ಮೊದಲು ಬರುವುದು ನನ್ನ ಹೆಂಡತಿಗೆ ಮಾಡಿದ ಒಂದು ಮೋಸ. ಅದು ನಡೆದದ್ದು ಜಪಾನಿನಲ್ಲಿ. ನಾನು ಜಪಾನಿಗೆ ಹೋದವನಲ್ಲ, ತುಮಕೂರು ದಾಟಿದ್ದೇ ಎಣಿಸಿದಷ್ಟು ಸಲ. ಜಪಾನೇ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಕೂತು ಮಧುಗಿರಿಯ ನಮ್ಮ ಬಾಡಿಗೆ ಮನೆಗೆ ಬಂದಿತ್ತು.

ಜಯಮ್ಮ, ಅಂದರೆ ನನ್ನ ಹೆಂಡತಿ, ಬಡವನಹಳ್ಳಿ ಕಡೆಯ ಕುರಿ ಸಾಕುವವರ ಮನೆಯ ಮಗಳು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅಪ್ಪನ ಮಂದೆಯ ಹಿಂದೆ ನಡೆದವಳು. ಬೇಸಿಗೆ ಬಂತೆಂದರೆ ಮೇವು ಹುಡುಕಿಕೊಂಡು ಶಿರಾ ಸೀಮೆಯೆಲ್ಲ ಸುತ್ತಿ, ಪಟ್ಟನಾಯಕನಹಳ್ಳಿಯ ಆಚೆಗೂ ಹೋಗಿ, ಮಳೆ ಬಿದ್ದ ಮೇಲೆ ಊರು ಸೇರುತ್ತಿದ್ದವರು ಅವರು. ಮದುವೆಯಾದ ಮೇಲೆ ಅವಳ ನಡಿಗೆ ಮನೆ, ನಲ್ಲಿ, ದಿನಸಿ ಅಂಗಡಿ ಎಂಬ ಮೂರು ಸ್ಟಾಪಿಗೆ ನಿಂತುಹೋಯಿತು. ವರ್ಷಕ್ಕೆ ಒಂದೆರಡು ಸಲ, "ನಿಮ್ಮ ಬಸ್ಸಲ್ಲಿ ನಾನೂ ಒಂದಿನ ಕೊನೇಗಂಟ ಬತ್ತೀನಿ ಕಣ್ರೀ. ಬೆಳಗ್ಗೆಯಿಂದ ಸಂಜೇಗಂಟ ಸುಮ್ನೆ ಕುಂತಿರ್ತೀನಿ," ಎಂದು ಕೇಳುತ್ತಿದ್ದಳು. ನಾನು, "ಅಲ್ಲೇನಿದೆ ನೋಡೋಕೆ? ಧೂಳು, ಕಲ್ಲು," ಎನ್ನುತ್ತಿದ್ದೆ. ನಿಜವಾದ ಕಾರಣ ಬೇರೆ. ಬಸ್ಸಿನಲ್ಲಿ ನಾನು ಹುಲಿ. ಸೀಟಿಗಾಗಿ ಜಗಳವಾಡುವವರನ್ನು ಒಂದು ಗದರಿಕೆಯಲ್ಲಿ ಕೂರಿಸುವವನು. ಮುಂದಿನ ಸೀಟಿನಲ್ಲಿ ಹೆಂಡತಿ ಕೂತಿದ್ದರೆ ಹುಲಿಯಾಗಿರುವುದು ಕಷ್ಟ. ಅವಳು ತಿರುಗಿ ನೋಡಿ ಒಂದು ಸಲ ನಕ್ಕರೆ ಸಾಕಿತ್ತು.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಗಳನ್ನು ಶಿರಾಕ್ಕೆ ಮದುವೆ ಮಾಡಿ ಕೊಟ್ಟು ವರ್ಷವಾಗಿತ್ತು. ಭಾನುವಾರದ ಪೌರಾಣಿಕ ಧಾರಾವಾಹಿಗೆಂದು ಊರೆಲ್ಲ ಟೀವಿ ಕೊಳ್ಳುವಾಗ ನಾವೂ ಒಂದು ಕಪ್ಪು ಬಿಳುಪಿನದು ಕೊಂಡಿದ್ದೆವು. ಆ ವರ್ಷದ ದಸರೆಗೆ ಜಯಮ್ಮನ ತಮ್ಮ ಶಿವಣ್ಣ ಬಂದ. ಸರಕು ಹಡಗಿನಲ್ಲಿ ಅಡುಗೆ ಕೆಲಸ ಅವನಿಗೆ. ಕುರಿ ಕಾಯುವ ವಂಶದಲ್ಲಿ ಹುಟ್ಟಿ ಮೀನಿನ ವಾಸನೆಯ ಕೆಲಸ ಹಿಡಿದನಲ್ಲ ಎಂದು ನಮ್ಮ ಮಾವ ಸಾಯುವವರೆಗೂ ಗೊಣಗುತ್ತಿದ್ದರು. ಶಿವಣ್ಣ ಜಪಾನಿನ ಯಾವುದೋ ಬಂದರಿನ ಹಳೇ ಸಾಮಾನಿನ ಅಂಗಡಿಯಿಂದ ಒಂದು ಆಟದ ಯಂತ್ರ ತಂದಿದ್ದ. ಟೀವಿಗೆ ಸಿಕ್ಕಿಸಿ ಆಡುವುದು. ಜೊತೆಗೆ ಒಂದೇ ಒಂದು ಕ್ಯಾಸೆಟ್ಟು. ಊರಲ್ಲಿ ಟೀವಿ ಇಲ್ಲವೆಂದು ನಮ್ಮ ಮನೆಯಲ್ಲಿ ಇಟ್ಟ.

"ಅಕ್ಕಾ, ಯುಗಾದಿ ಕಳೆದ್ಮೇಲೆ ಬತ್ತೀನಿ. ಬೆಂಗ್ಳೂರಲ್ಲಿ ಒಬ್ರು ತಗೊಳ್ತೀನಿ ಅಂದವ್ರೆ. ಅಲ್ಲೀಗಂಟ ಭಾವ ಆಡ್ಲಿ," ಎಂದ.

"ನಿಮ್ಮ ಭಾವ ಆಡೋದು ಇನ್ನೇನು ಕಮ್ಮಿ ಆಗೈತೆ," ಎಂದಳು ಜಯಮ್ಮ.

ನಮ್ಮ ಟೀವಿಗೂ ಜಪಾನಿನ ಯಂತ್ರಕ್ಕೂ ಹೊಂದಲಿಲ್ಲ. ಶಿರಾದ ಬಾಷಾ ಸಾಬರ ರಿಪೇರಿ ಅಂಗಡಿಗೆ ಎರಡನ್ನೂ ಬಸ್ಸಿನ ಮೇಲೆ ಹಾಕಿ ಒಯ್ದೆ. ಅವರು ಮುಚ್ಚಳ ಬಿಚ್ಚಿ ಬಹಳ ಹೊತ್ತು ನೋಡಿ, "ಕಂಡಕ್ಟರ್ ಸಾಬ್, ಇದು ಮಾತಾಡೋ ಜಬಾನು ಒಂದು, ನಿಮ್ಮ ಟೀವಿ ಮಾತಾಡೋ ಜಬಾನು ಇನ್ನೊಂದು. ಇಬ್ಬರಿಗೂ ನಿಕಾ ಮಾಡಿಸ್ಬೇಕು. ಟೈಮ್ ಹಿಡಿತದೆ," ಎಂದರು. ಎಂಟು ದಿನ ಹಿಡಿಯಿತು. ನಿಕಾ ಆದ ಮೇಲೂ ಆ ಸಂಸಾರದಲ್ಲಿ ಚಿತ್ರ ಆಗಾಗ ನಡುಗುತ್ತಿತ್ತು. ನಮ್ಮದೂ ನಡುಗುವುದಿಲ್ಲವೇ.

ಆಟ ಏನೆಂದು ಈಗ ಹೇಳುತ್ತೇನೆ. ಪರದೆಯ ಮಧ್ಯೆ ಹೆಬ್ಬೆಟ್ಟಿನ ಉಗುರಿನಷ್ಟು ಒಬ್ಬ ಮನುಷ್ಯ. ಕೈಯಲ್ಲಿನ ಗುಂಡಿ ಒತ್ತಿದರೆ ಒಂದು ಚೌಕ ಮುಂದೆ ಹೋಗುತ್ತಾನೆ. ಸುತ್ತ ಬಯಲು, ಗುಡ್ಡ, ಕಾಡು, ಸಮುದ್ರ. ಅಲ್ಲಲ್ಲಿ ಊರು, ಕೋಟೆ, ಗವಿ. ನಡೆಯುವಾಗ ಇದ್ದಕ್ಕಿದ್ದಂತೆ ಪ್ರಾಣಿಗಳು ಎದುರಾಗುತ್ತವೆ. ಗೆದ್ದರೆ ಅವನಿಗೆ ಬಲ ಬರುತ್ತದೆ, ಸೋತರೆ ಮೊದಲ ಕೋಟೆಯ ರಾಜನ ಮುಂದೆ ಬಂದು ಬೀಳುತ್ತಾನೆ. ರಾಜ ಏನೋ ಹೇಳುತ್ತಾನೆ. ಅದು ಜಪಾನೀ ಅಕ್ಷರ. ಎಸ್ಸೆಸ್ಸೆಲ್ಸಿ ಪಾಸಾದ ನನಗೂ ಜಯಮ್ಮನ ನಾಲ್ಕನೇ ಕ್ಲಾಸಿಗೂ ಆ ರಾಜನ ಎದುರು ಯಾವ ವ್ಯತ್ಯಾಸವೂ ಇರಲಿಲ್ಲ. ಬಯ್ಯುತ್ತಿದ್ದಾನೆ ಎಂದು ಮಾತ್ರ ನನಗೆ ಗೊತ್ತಾಗುತ್ತಿತ್ತು. ನಮ್ಮ ಬಸ್ಸಿನ ಮಾಲೀಕರೂ ಹಾಗೇ ಕುರ್ಚಿಯಲ್ಲಿ ಕೂತೇ ಬಯ್ಯುತ್ತಿದ್ದರು.

ಮೊದಲ ಕೋಟೆಯಿಂದ ಹೊರಗೆ ಕಾಲಿಟ್ಟ ಕೂಡಲೇ, ನೀರಿನಾಚೆ, ಹತ್ತು ಹನ್ನೆರಡು ಹೆಜ್ಜೆ ದೂರದಲ್ಲಿ, ಒಂದು ನಡುಗಡ್ಡೆ. ಅದರ ಮೇಲೆ ಇನ್ನೊಂದು ಕೋಟೆ. ಕೂಗಿದರೆ ಕೇಳಿಸಬೇಕು, ಅಷ್ಟು ಹತ್ತಿರ. ಆದರೆ ದಾರಿಯಿಲ್ಲ. ಜಯಮ್ಮ ರಾಗಿ ಆರಿಸುತ್ತಾ ಕೂತಿದ್ದವಳು ಮೊರ ಕೆಳಗಿಟ್ಟು, "ಅಲ್ಲಿ ಏನೈತ್ರೀ?" ಎಂದಳು. ನಾನು ಅಭ್ಯಾಸಬಲದಿಂದ, "ಅಲ್ಲೇನಿದೆ ನೋಡೋಕೆ," ಎಂದೆ. ಆ ಕ್ಷಣದಿಂದ ಅವಳಿಗೆ ಆ ನಡುಗಡ್ಡೆ ಹತ್ತಿಕೊಂಡಿತು.

ನಾನು ಆಡಿದ ರೀತಿ ಹೇಳಲು ನಾಚಿಕೆ. ಕಂಡಕ್ಟರಿಗೆ ದಾರಿ ಎಂದರೆ ನೇರ ದಾರಿ, ಸೇತುವೆ ಎಂದರೆ ದಾಟುವುದಕ್ಕೆ ಇರುವುದು. ಸೇತುವೆ ಕಂಡೊಡನೆ ಓಡಿದೆ. ಆಚೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಒಂದು ಚೇಳು ಬಂದು ನನ್ನನ್ನು ಮುಗಿಸಿತು. ರಾಜ ಬೈದ. ಮತ್ತೆ ಓಡಿದೆ. ಮತ್ತೆ ಚೇಳು. ಸಂಜೆಯೊಳಗೆ ಹದಿನಾಲ್ಕು ಸಲ ಸತ್ತೆ. ಈ ಲೋಕ ಮಾಡಿದ ಪುಣ್ಯಾತ್ಮ ಎಂಥ ಜಾಣನೆಂದು ನನಗೆ ಆಗ ಹೊಳೆಯಲಿಲ್ಲ. ಅವನು ಎಲ್ಲೂ ಗೋಡೆ ಕಟ್ಟಿಲ್ಲ, ಪ್ರವೇಶವಿಲ್ಲ ಎಂದು ಬೋರ್ಡು ಹಾಕಿಲ್ಲ. ಸೇತುವೆ ದಾಟಿದರೆ ಪ್ರಾಣಿಗಳು ಬಲವಾಗುತ್ತವೆ, ಅಷ್ಟೇ. ಇನ್ನೂ ನಿನ್ನ ಹೊತ್ತು ಬಂದಿಲ್ಲ ಎಂದು ಏಟು ಕೊಟ್ಟು ಹೇಳುತ್ತಾನೆ. ನನ್ನಂಥವನಿಗೆ ಹದಿನಾಲ್ಕು ಏಟು ಬಿದ್ದರೂ ತಿಳಿಯುವುದಿಲ್ಲ, ಅದು ಬೇರೆ ಮಾತು.

"ಅದೇನ್ರೀ, ಸೇತುವೆ ಕಂಡಿದ್ದೇ ತಡ ಓಡ್ತೀರ," ಎಂದಳು ಜಯಮ್ಮ. "ಹೊಸ ಬೀಳಿಗೆ ಕುರಿ ಬುಡೋರು ಮೊದ್ಲು ಅಂಚು ಹಿಡ್ದು ಒಂದು ಸುತ್ತು ಬತ್ತಾರೆ. ನೀರೆಲ್ಲೈತೆ, ಮುಳ್ಳೆಲ್ಲೈತೆ, ತೋಳದ ಹೆಜ್ಜೆ ಎಲ್ಲೈತೆ ನೋಡ್ಕಂಡು ಆಮೇಲೆ ಒಳೀಕ್ ಬುಡ್ತಾರೆ. ಕೊಡಿ ಇಲ್ಲಿ."

ಕೊಟ್ಟೆ. ಆಮೇಲೆ ಅದು ನನ್ನ ಕೈಗೆ ಬರಲಿಲ್ಲ.

ಮರುದಿನ ನಾನು ಡ್ಯೂಟಿ ಮುಗಿಸಿ ಬಂದಾಗ ಅವಳು ಸೇತುವೆಯ ಈಚೆಯ ನೆಲವನ್ನೆಲ್ಲ ಸಮುದ್ರದ ಅಂಚು ಹಿಡಿದು ಸುತ್ತಿ ಮುಗಿಸಿದ್ದಳು. ನಮ್ಮ ಟೀವಿಯಲ್ಲಿ ಹುಲ್ಲೂ ಬೂದಿ, ನೀರೂ ಬೂದಿ. ಎಲ್ಲಿ ನೆಲ ಮುಗಿದು ಎಲ್ಲಿ ಸಮುದ್ರ ಶುರುವಾಯಿತೆಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ಅವಳು ಕಣ್ಣನ್ನು ನಂಬಲೇ ಇಲ್ಲ. ಹೆಜ್ಜೆ ಇಡುವಳು, ಮನುಷ್ಯ ಮುಂದೆ ಹೋಗದಿದ್ದರೆ ಅದು ನೀರು. ಹಾಗೆ ತಡವಿ ತಡವಿ ಒಂದೊಂದು ದಡವನ್ನೂ ಕಂಡುಹಿಡಿದು, ಹಳೇ ಕ್ಯಾಲೆಂಡರಿನ ಹಾಳೆಯ ಬೆನ್ನಿನ ಮೇಲೆ ರಂಗೋಲಿಗೆ ಇಡುವ ಹಾಗೆ ಚುಕ್ಕಿ ಇಟ್ಟಿದ್ದಳು. ಎಂಟು ಹೆಜ್ಜೆಗೆ ಒಂದು ಚುಕ್ಕಿ. ನೀರಿಗೆ ಅಲೆ, ಗುಡ್ಡಕ್ಕೆ ಗೋಪುರ, ಗವಿಗೆ ಒಂದು ಕಣ್ಣು. ಹಾಳೆ ಸಾಲದಾದಾಗ ಮೈದಾ ಅಂಟು ಹಚ್ಚಿ ಇನ್ನೊಂದು ಹಾಳೆ ಸೇರಿಸುತ್ತಿದ್ದಳು. ಸಂಕ್ರಾಂತಿಯ ಹೊತ್ತಿಗೆ ಲೋಕ ಹಜಾರದ ಗೋಡೆಯ ಮುಕ್ಕಾಲು ಭಾಗಕ್ಕೆ ಬಂದಿತ್ತು. ಉತ್ತರ ಸೀಮೆಯೆಲ್ಲ ಫೆಬ್ರವರಿಯ ಬೆನ್ನ ಮೇಲಿತ್ತು.

ಊರುಗಳ ಹೆಸರು ಓದಲು ಬಾರದ್ದರಿಂದ ತಾನೇ ಇಟ್ಟಳು. ಒಳ್ಳೆಯ ಅಂಗಡಿಗಳಿದ್ದ ಊರು ಬಡವನಹಳ್ಳಿ. ಗವಿಯೊಳಗೆ ನೀರಿದ್ದ ಬೆಟ್ಟ ಸಿದ್ದರಬೆಟ್ಟ. ಉತ್ತರಕ್ಕೆ ಗಿಡವಿಲ್ಲದ ಮರಳು ಬಯಲೊಂದಿತ್ತು, ಅದು ಪಾವಗಡ. ನಮ್ಮ ಡ್ರೈವರ್ ಓಬಳೇಶು ಪಾವಗಡದವನು. ಒಂದು ದಿನ ಕಾಫಿಗೆ ಬಂದವನು ಇದನ್ನು ಕೇಳಿ, ತನ್ನ ತೆಲುಗು ಬೆರೆತ ಕನ್ನಡದಲ್ಲಿ, "ಮಾ ಊರಂಟೆ ಮರಳೇನಾ ಅಕ್ಕಾ, ಕಡ್ಲೆಕಾಯಿ ತಿಂದಿದ್ದು ಮರೆತ್ರಾ," ಎಂದು ನಕ್ಕ. ಅವಳು ಕೂಡಲೇ ಆ ಮರಳಿನ ಮಧ್ಯೆ ಒಂದು ಕಡ್ಲೆಕಾಯಿ ಬರೆದಳು. ಆಟದೊಳಗಿನ ಜನರ ಮಾತನ್ನೂ ಅವಳೇ ಊಹಿಸಿಕೊಳ್ಳುತ್ತಿದ್ದಳು. "ಈಯಮ್ಮ ಸೊಸೆ ಮೇಲೆ ದೂರು ಹೇಳ್ತಾವ್ಳೆ. ಈವಯ್ಯಂಗೆ ಮಂಡಿನೋವು, ಅದ್ಕೇ ನಿಂತಲ್ಲೇ ನಿಂತವ್ನೆ." ಎಷ್ಟೋ ಸಲ ಅವಳ ಊಹೆಯಿಂದಲೇ ದಾರಿ ಸಿಕ್ಕಿತು. ಯಾರನ್ನೂ ಮಾತಾಡಿಸದೆ ಮುಂದೆ ಹೋದವಳಲ್ಲ ಅವಳು. ಒಂದು ಗುಡ್ಡದ ಹಿಂದೆ ಏನಿದೆ ಎಂದು ನೋಡದೆಯೂ ಹೋಗುತ್ತಿರಲಿಲ್ಲ. ಆ ಲೋಕ ಮಾಡಿದವನು ಹತ್ತು ಗುಡ್ಡಗಳಲ್ಲಿ ಒಂದರ ಹಿಂದೆ ಏನಾದರೂ ಬಚ್ಚಿಟ್ಟಿರುತ್ತಿದ್ದ. ಖಾಲಿ ಒಂಬತ್ತು ಗುಡ್ಡಗಳ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. "ಖಾಲಿ ಅಂತ ಗೊತ್ತಾಯ್ತಲ್ಲ," ಎನ್ನುತ್ತಿದ್ದಳು. ದಿನದ ಕೊನೆಗೆ ರಾಜನನ್ನು ಮಾತಾಡಿಸಿದರೆ ಅವನು ಅಂದಿನವರೆಗಿನ ನಡಿಗೆಯನ್ನೆಲ್ಲ ನೆನಪಿಟ್ಟುಕೊಳ್ಳುತ್ತಾನೆ ಎಂಬುದನ್ನೂ ಅವಳೇ ಕಂಡುಕೊಂಡಳು.

ಬೀದಿಯ ಹೆಂಗಸರು ಮಧ್ಯಾಹ್ನ ಬಂದು ಗೋಡೆ ನೋಡಿಕೊಂಡು ಹೋಗತೊಡಗಿದರು. ಓಬಳೇಶು ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು, "ಅನ್ನಾ, ನೀವು ಬರೀ ಕಂಡಕ್ಟರು. ಡ್ರೈವರು ಮನೇಲಿ ಇದ್ದಾರೆ ಕದಾ," ಎಂದ. ನಾನು ನಕ್ಕೆ. ಹಲ್ಲು ಮಾತ್ರ ನಕ್ಕಿತು.

ಅದೇ ವಾರ ಜಯಮ್ಮ ಗೋಡೆಯ ಮುಂದೆ ನಿಂತವಳು ತಿರುಗಿ, "ಏನ್ರೀ, ಬಡವನಹಳ್ಳಿ ದಾಟಿದ್ಮೇಲೆ ಎಡಕ್ಕೆ ಎಲ್ಡು ಗುಂಡಿನ ಗುಡ್ಡ ಬತ್ತೈತಲ್ಲ, ಅದರ ಹಿಂದೆ ಈಗ ಏನೈತೆ?" ಎಂದಳು.

"ಏನಿರುತ್ತೆ? ಕಲ್ಲು."

"ಕಲ್ಲಲ್ಲ ಕಣ್ರೀ, ಕಟ್ಟೆ ಇತ್ತು. ಬ್ಯಾಸಗೇಲಿ ನಮ್ಮಪ್ಪ ಅಲ್ಲೇ ಕುರಿಗೆ ನೀರು ಕುಡಿಸ್ತಿದ್ದ. ಈಗ ಐತೋ ಹೂತೋಯ್ತೋ ಅಂತ ಕೇಳ್ದೆ. ದಿನಾ ಹೋಗೋರಲ್ವಾ ನೀವು."

ವ್ಯಂಗ್ಯವಿರಲಿಲ್ಲ ಅವಳ ಮಾತಿನಲ್ಲಿ. ಇದ್ದಿದ್ದರೆ ಜಗಳವಾಡಿ ಮರೆಯುತ್ತಿದ್ದೆ. ದಿನಕ್ಕೆ ಎರಡು ಸಲದಂತೆ ಇಪ್ಪತ್ತು ವರ್ಷ ಆ ಗುಡ್ಡದ ಮುಂದೆ ಸೀಟಿ ಊದಿದವನು ನಾನು. ಅದರ ಬೆನ್ನು ಕಂಡವಳು ಅವಳು. ನನಗೆ ಉರಿಯಿತು. ಹೇಗಾದರೂ ಮಾಡಿ ಆ ನಡುಗಡ್ಡೆಯ ಕೋಟೆಯನ್ನು ಅವಳಿಗಿಂತ ಮೊದಲು ನಾನು ಮುಟ್ಟಬೇಕು, ಮುಟ್ಟಿ ಬಂದು, "ಹೇಳಲಿಲ್ವಾ, ಅಲ್ಲೇನೂ ಇಲ್ಲ," ಎನ್ನಬೇಕು ಎಂದು ತೀರ್ಮಾನಿಸಿದೆ. ನಲವತ್ತೈದು ವರ್ಷದ ಗಂಡಸು ಮಾಡುವ ತೀರ್ಮಾನವೇ ಇದು ಎಂದು ನೀವು ಕೇಳಬಹುದು. ಅದಕ್ಕೇ ಇದನ್ನು ಬರೆಯುತ್ತಿರುವುದು.

ಜಯಮ್ಮ ಒಂದು ನಾಮಕರಣಕ್ಕೆಂದು ತವರಿಗೆ ಹೋದ ದಿನ ನನಗೆ ವಾರದ ರಜೆ. ಬಾಗಿಲು ಹಾಕಿಕೊಂಡು ಯಂತ್ರದ ಮುಂದೆ ಕೂತೆ. ಮೊದಲ ಪರದೆಯಲ್ಲಿ ಜಪಾನೀ ಅಕ್ಷರದ ಮೂರು ನಾಲ್ಕು ಸಾಲು. ಜಯಮ್ಮ ಯಾವ ಸಾಲು ಒತ್ತುತ್ತಿದ್ದಳೆಂದು ನಾನು ಗಮನಿಸಿಯೇ ಇರಲಿಲ್ಲ. ಕೈಗೆ ಬಂದದ್ದನ್ನು ಒತ್ತಿದೆ. ಯಂತ್ರ ಏನೋ ಕೇಳಿತು. ಹೂಂ ಎಂದೆ. ಇನ್ನೊಮ್ಮೆ ಕೇಳಿತು. ಪಾಪ, ಎರಡು ಸಲ ಕೇಳಿತು ಅದು. ಕೊನೆಯ ಬಸ್ಸಿನ ರಶ್ಶಿನಲ್ಲಿ ಮುಖ ನೋಡದೆ ಟಿಕೆಟ್ಟು ಹರಿಯುವಂತೆ ಮತ್ತೆ ಹೂಂ ಎಂದೆ. ಒಂದು ಸಣ್ಣ ದನಿ ಬಂತು, ಯಾರೋ ಬಾಗಿಲು ಎಳೆದುಕೊಂಡ ಹಾಗೆ. ರಾಜ ನೆನಪಿಟ್ಟುಕೊಂಡಿದ್ದ ಜಯಮ್ಮನ ಆಟದ ಸಾಲು ಖಾಲಿಯಾಗಿತ್ತು.

ತಂತಿ ಕಿತ್ತು ಮತ್ತೆ ಸಿಕ್ಕಿಸಿದೆ. ಟೀವಿಯ ತಲೆಗೆ ತಟ್ಟಿದೆ. ಕ್ಯಾಸೆಟ್ಟನ್ನು ಪಂಚೆಯಲ್ಲಿ ಒರೆಸಿದೆ. ದೇವರ ಗೂಡಿನ ಮುಂದೆ ಒಂದು ನಿಮಿಷ ನಿಂತೂ ಬಂದೆ. ದಸರೆಯಿಂದ ಸಂಕ್ರಾಂತಿಯಾಚೆಗಿನವರೆಗೆ ಅವಳು ನಡೆದ ನಡಿಗೆ, ಕೂಡಿಸಿದ ಬಲ, ಗಳಿಸಿದ ಕತ್ತಿ ಗುರಾಣಿ, ಒಂದೂ ಇರಲಿಲ್ಲ.

ನಾಲ್ಕು ಗಂಟೆಯ ಬಸ್ಸಿಗೆ ಅವಳು ಬಂದಳು. ನಾಮಕರಣದ ಮನೆಯಿಂದ ನನಗೆಂದು ಸೆರಗಿನಲ್ಲಿ ಚಿಗಳಿ ಉಂಡೆ ಕಟ್ಟಿಕೊಂಡು ಬಂದಿದ್ದಳು. ಅವಳು ಕೇಳುವ ಮೊದಲೇ ನಾನು ಶುರುಮಾಡಿದೆ. "ಟೀವಿ ಒರೆಸೋಣ ಅಂತ ಹಾಕಿದ್ದೆ ಕಣೇ. ಕರೆಂಟು ಹೋಗಿ ಧಡ್ ಅಂತ ಬಂತು. ಏನೋ ಆಗಿಬಿಡ್ತು ನೋಡು. ಈ ಕರೆಂಟಿನೋರು ಮನುಷ್ಯರೇ ಅಲ್ಲ." ತಪ್ಪು ಮಾಡಿದವನಿಗೆ ಮಾತು ಜಾಸ್ತಿ. ಅವಳು ಯಂತ್ರ ಹಾಕಿ, ಖಾಲಿ ಸಾಲನ್ನು ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಉಂಡೆಯನ್ನು ನನ್ನ ಕೈಗಿಟ್ಟಳು.

"ಹೋಗ್ಲಿ ಬುಡಿ. ಅವನ ಬಲ ಹೋಯ್ತು, ದಾರಿ ಗ್ವಾಡೆ ಮೇಲೈತಲ್ಲ," ಎಂದಳು.

ಬೈದಿದ್ದರೆ ಆ ಉಂಡೆ ಗಂಟಲಲ್ಲಿ ಇಳಿಯುತ್ತಿತ್ತು.

ಯುಗಾದಿಗೆ ಎರಡೂವರೆ ತಿಂಗಳು ಉಳಿದಿತ್ತು. ದಾರಿ ಗೊತ್ತಿದ್ದರೂ ಬಲವಿಲ್ಲದೆ ಸೇತುವೆ ದಾಟುವಂತಿಲ್ಲ. ಬಲ ಬರಬೇಕಾದರೆ ಕೋಟೆಯ ಸುತ್ತ ಅತ್ತಿಂದಿತ್ತ ನಡೆದು, ಈರುಳ್ಳಿಯಂತಿದ್ದ ಸಣ್ಣ ಸಣ್ಣ ಪ್ರಾಣಿಗಳನ್ನು ನೂರಾರು ಸಲ ಹೊಡೆಯುತ್ತಿರಬೇಕು. ಹೊಲದಲ್ಲಿ ಕಳೆ ಕೀಳುವಂಥ ಕೆಲಸ. ಅದನ್ನು ನಾನು ವಹಿಸಿಕೊಂಡೆ. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು ಒಂದು ಗಂಟೆ, ಸಂಜೆ ಬಂದು ಒಂದು ಗಂಟೆ, ಈರುಳ್ಳಿ ಹೊಡೆದೆ. ಟಿಕೆಟ್ಟು ಹರಿದು ಹರಿದು ಗಟ್ಟಿಯಾಗಿದ್ದ ಹೆಬ್ಬೆರಳಲ್ಲೂ ಬೊಬ್ಬೆ ಎದ್ದಿತು. ಜಯಮ್ಮ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಾ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು: "ನಂಗೋಸ್ಕರ ಎಷ್ಟು ಕಷ್ಟಪಡ್ತಾವ್ರೆ ನೋಡಕ್ಕ." ಆಕೆ, "ಇಂಥ ಗಂಡನ್ನ ಪಡೆಯೋಕೆ ಪುಣ್ಯ ಮಾಡಿರ್ಬೇಕು ಕಣಮ್ಮ," ಎನ್ನುತ್ತಿದ್ದಳು. ಪ್ರಾಯಶ್ಚಿತ್ತವೆಂದು ಮಾಡಿದ್ದಕ್ಕೆ ಹೊಗಳಿಕೆ ಬಂತು. ಬೇಡ ಎನ್ನಬೇಕಿತ್ತು, ಎನ್ನಲಿಲ್ಲ. ಸಂಕೋಚದ ಮುಖ ಮಾಡಿಕೊಂಡು ಪೂರ್ತಿ ತೆಗೆದುಕೊಂಡೆ. ಅಳಿಸಿದ್ದು ಒಂದು ಪಾಪ, ಸುಳ್ಳು ಹೇಳಿದ್ದು ಎರಡನೆಯದು. ಈ ಮೂರನೆಯದೇ ನನಗೆ ಹೆಚ್ಚು ರುಚಿಸಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆದರೆ ಆ ಎರಡು ತಿಂಗಳಷ್ಟು ಒಳ್ಳೆಯ ದಿನಗಳನ್ನು ನಾವಿಬ್ಬರೂ ಅದಕ್ಕೆ ಮೊದಲು ಕಂಡಿರಲಿಲ್ಲ. ಕಳೆ ಕೀಳುವುದು ನಾನು, ನಡೆಯುವುದು ಅವಳು. ಶಿವರಾತ್ರಿ ಕಳೆಯುವಷ್ಟರಲ್ಲಿ ಅವಳು ಹಿಂದೆ ನಿಲ್ಲಿಸಿದ್ದ ಜಾಗ ದಾಟಿ, ಒಂದು ಹಡಗು ಸಂಪಾದಿಸಿದಳು. ಹಡಗು ಹತ್ತಿ ಪೂರ್ವಕ್ಕೆ ಹೋದೆವು. ಹೋದೆವು, ಹೋದೆವು, ಗೋಡೆಯ ಮೇಲಿನ ಹಾಳೆ ಮುಗಿದುಹೋಯಿತು. ಇನ್ನೂ ಮುಂದೆ ಹೋದರೆ ಎದುರಿಗೆ ಪಶ್ಚಿಮದ ದಡ. ನಾನು ಹೆದರಿ, ಯಂತ್ರ ಕೆಟ್ಟಿತು ಎಂದೆ. ಜಯಮ್ಮ ಎದ್ದು, ಗೋಡೆಯಿಂದ ಇಡೀ ಲೋಕವನ್ನು ಬಿಡಿಸಿಕೊಂಡು, ಆ ಅಂಚು ಈ ಅಂಚು ಸೇರಿಸಿ ಹಿಡಿದಳು.

"ಬಳೆ ಕಣ್ರೀ," ಎಂದಳು.

"ಭೂಮಿ ಕಿತ್ತಳೆ ಹಣ್ಣಿನ ಥರ ಗುಂಡಗಿದೆ. ಹೈಸ್ಕೂಲಲ್ಲಿ ಓದಿದ್ದೀನಿ ನಾನು," ಎಂದೆ.

"ನಿಮ್ದು ಕಿತ್ತಳೆ ಇರ್ಬೋದು. ಇದು ಬಳೆ."

ಅವಳೇ ಸರಿ. ಆ ಲೋಕದ ಮಟ್ಟಿಗೆ ಅದನ್ನು ಅಳೆದವಳ ಮಾತೇ ಭೂಗೋಳ.

ನಡುಗಡ್ಡೆಯ ಸುತ್ತ ಬಂಡೆಗಳು. ಹಡಗು ಹತ್ತಿರ ಹೋಗುತ್ತಿತ್ತು, ದಡ ಸೇರುತ್ತಿರಲಿಲ್ಲ. ಎಲ್ಲೋ ಒಂದು ಕಡೆ ಸಂದಿ ಇರಲೇಬೇಕೆಂದು ಅವಳು ಅಂಚು ಹಿಡಿದು ತಡವುತ್ತಾ ಬಂದಳು. ಮುಕ್ಕಾಲು ಸುತ್ತು ಮುಗಿದಿತ್ತು. ಅಷ್ಟರಲ್ಲಿ ಶಿವಣ್ಣ ಬಂದ, ಯುಗಾದಿ ಕಳೆದ ಮೂರನೆಯ ದಿನವೇ.

"ಅಕ್ಕಾ, ಅವ್ರು ತುಮಕೂರ್ಗೇ ಬಂದವ್ರೆ. ಮಧ್ಯಾಹ್ನದ ಬಸ್ಗೆ ಹೋಗ್ಬೇಕು. ಇನ್ನೊಂದ್ ವಾರಕ್ಕೆ ಹಡಗು," ಎಂದ. ಗೋಡೆ ನೋಡಿ ನಿಂತುಬಿಟ್ಟ. "ಇದೆಲ್ಲಾ ನೀನೇ ಮಾಡಿದ್ದಾ? ಹಡಗಲ್ಲಿ ನಮ್ಮ ಸಾಹೇಬ್ರ ಹತ್ರಾನೂ ಇಂಥದ್ದಿಲ್ಲ."

ಊಟಕ್ಕೆ ಮೊದಲು ಒಂದು ಗಂಟೆ ಸಿಕ್ಕಿತು. ಅವಳು ಉಳಿದ ಕಾಲು ಸುತ್ತಿಗೆ ಕೂತಳು. ಆ ಗಂಟೆಯಲ್ಲಿ ಎದುರಾದಷ್ಟು ಪ್ರಾಣಿಗಳು ಇಡೀ ಆರು ತಿಂಗಳಲ್ಲಿ ಎದುರಾಗಿರಲಿಲ್ಲ. ಎರಡು ಸಲ ಸೋತು ರಾಜನ ಮುಂದೆ ಬಿದ್ದಳು, ಎರಡು ಸಲವೂ ಮತ್ತೆ ಹಡಗಿಗೆ ನಡೆದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಾನು ಅಳಿಸದಿದ್ದರೆ ಅವಳು ಫಾಲ್ಗುಣದಲ್ಲೇ ಆ ಕೋಟೆಯೊಳಗಿರುತ್ತಿದ್ದಳು ಎಂಬುದು ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಕೊನೆಗೆ ಶಿವಣ್ಣ ಮೆಲ್ಲಗೆ, "ಅಕ್ಕಾ, ಬಸ್ಸು," ಎಂದ. ಜಯಮ್ಮ ಗುಂಡಿಯಿಂದ ಬೆರಳು ತೆಗೆದಳು.

"ಹೋಗ್ಲಿ ಬುಡ್ಲಾ. ದೂರದಿಂದ ನೋಡಿದ್ದಾಯ್ತು," ಎಂದು ತಾನೇ ತಂತಿ ಸುತ್ತಿಕೊಟ್ಟಳು.

ಮುಂದಿನ ವಾರದ ರಜೆಗೆ ಅವಳನ್ನು ನಮ್ಮ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿದೆ. ಬಡವನಹಳ್ಳಿ ದಾಟಿ ಎರಡು ಗುಂಡಿನ ಗುಡ್ಡದ ಮುಂದೆ ಓಬಳೇಶುಗೆ ನಿಲ್ಲಿಸಲು ಹೇಳಿದಾಗ, ನಾನು ಇಳಿಯುವುದನ್ನು ನೋಡಿ ಅವನು ಬಾಯಿ ತೆರೆದ. ಕಟ್ಟೆ ಇತ್ತು. ಅರ್ಧ ಹೂತಿತ್ತು, ಆದರೆ ನೀರಿತ್ತು. ಅವಳು ಕಾಲು ಇಳಿಬಿಟ್ಟು ಕೂತು ಅವರಪ್ಪನ ವಿಷಯ ಏನೇನೋ ಹೇಳಿದಳು. ಅವತ್ತೇ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವಳ ಮುಖ ನೋಡಿ, 'ಇಷ್ಟು ಸಂತೋಷವಾಗಿರುವವಳಿಗೆ ಯಾಕೆ' ಎಂದುಕೊಂಡೆ. ಅದು ಅವಳ ಮೇಲಿನ ಕರುಣೆಯಲ್ಲ, ನನ್ನ ಮೇಲಿನದು. ಆಮೇಲೆ ವರ್ಷಗಟ್ಟಲೆ ರಜೆ ಸಿಕ್ಕಾಗೆಲ್ಲ ಹೀಗೆ ಇಳಿದೆವು. ಸಾವಿರ ಸಲ ರಸ್ತೆಬದಿಯ ಕೈಮರದಲ್ಲೇ ಜನರನ್ನು ಇಳಿಸಿ ಬಂದಿದ್ದ ಸಿದ್ದರಬೆಟ್ಟವನ್ನು ಮೊದಲ ಸಲ ಹತ್ತಿದೆ. ಹತ್ತುವ ಮೊದಲು ಬುಡದ ಸುತ್ತ ಒಂದು ಸುತ್ತು ಹಾಕಿಸಿದಳು ಎಂದು ಬೇರೆ ಹೇಳಬೇಕಿಲ್ಲ. ಪ್ರತಿ ಸಲವೂ ಹೇಳಬೇಕೆಂದುಕೊಂಡೆ, ಪ್ರತಿ ಸಲವೂ ಬುತ್ತಿ ಬಿಚ್ಚಿದೆ.

ಮೊನ್ನೆ ಹೇಳಿದೆ. ಮೂವತ್ತೈದು ವರ್ಷ ಕಳೆದ ಮೇಲೆ. ಮಧ್ಯಾಹ್ನ ಇಬ್ಬರೂ ಕೂತಿದ್ದಾಗ ಫ್ಯಾನು ನಿಂತಿತು. ಜಯಮ್ಮ ಎಂದಿನಂತೆ, "ಇವ್ರ ಕಂಬ ಮುರ್ಯಾ, ನನ್ನ ಆಟ ಅಳಿಸಿದ ಆ ಲೈನ್‌ಮನ್ ಕಾಲದಿಂದ್ಲೂ ಇವ್ರು ಹಿಂಗೇ," ಎಂದಳು. ಯಾಕೋ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಮೂರು ಸಾಲು, ಎರಡು ಸಲ ಹೂಂ, ಚಿಗಳಿ ಉಂಡೆ, ಎಲ್ಲ. ಇಷ್ಟು ವಯಸ್ಸಾದ ಮೇಲೆ ನಕ್ಕುಬಿಡುತ್ತಾಳೆ ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಅವಳು ನಗಲಿಲ್ಲ.

"ಆ ಕ್ವಾಟೆ ಒಳಗೆ ಏನಿತ್ತು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ ಕಣ್ರೀ," ಎಂದಳು. ನಿಂತ ಫ್ಯಾನಿನ ಕಡೆ ನೋಡಿ, "ಅದು ಹೋಗ್ಲಿ. ಲೈನ್‌ಮನ್ ಹನುಮಂತರಾಯಪ್ಪ ನಮ್ಮ ಬೀದಿ ಕಂಬ ಹತ್ತಿ ಇಳಿದು ಎಷ್ಟು ಸಲ ಬಾಗಿಲಿಗೆ ಬಂದವ್ನೆ ಗೊತ್ತಾ? ಉರಿ ಬಿಸಿಲಲ್ಲಿ 'ಅಮ್ಮಾ, ಒಂದು ಲೋಟ ಮಜ್ಜಿಗೆ' ಅಂತ ಕೇಳಾನು. ಒಂದಿನಾನೂ ಕೊಡ್ಲಿಲ್ಲ ನಾನು. ಇಲ್ಲ ಅಂದೆ. ಮಜ್ಜಿಗೆ ಕಡೀತಾ ಕಡೀತಾ ಇಲ್ಲ ಅಂದೆ. ನನ್ನ ಕೈಲಿ ಎಂಥ ಪಾಪ ಮಾಡಿಸಿದ್ರೀ ನೀವು," ಎಂದಳು. ಕಣ್ಣು ತುಂಬಿತ್ತು. ನನ್ನ ಮೂರು ಪಾಪಗಳ ಜೊತೆ ನಾಲ್ಕನೆಯದೊಂದು ಬೇರೆಯವರ ಹೆಸರಿನಲ್ಲಿ ಬೆಳೆಯುತ್ತಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಎರಡು ದಿನ ಮಾತಿಲ್ಲ. ಮೂರನೆಯ ದಿನ ಬೆಳಿಗ್ಗೆ ಒಂದು ಸ್ಟೀಲ್ ಡಬ್ಬದ ತುಂಬ ಮಜ್ಜಿಗೆ, ಕೊತ್ತಂಬರಿ ಹಾಕಿದ್ದು, ನನ್ನ ಕೈಗೆ ಕೊಟ್ಟಳು. "ಇನ್ನೂ ಅವ್ನೆ ಆ ವಯ್ಯ. ನಮ್ಮೂರ ಕ್ವಾಟೆ ಬೆಟ್ಟದ ಹಿಂದ್ಲ ಬೀದೀಲಿ ಮಗನ ಮನೆ. ಅವ್ನ ಕೈಗೆ ಕೊಟ್ಟು, ನಡ್ದಿದ್ದು ನಡ್ದಂಗೆ ಹೇಳಿ ಬನ್ನಿ. ನಾನು ಬರಾಕಿಲ್ಲ. ಇದು ನಿಮ್ದು."

ಹೊರಟೆ. ಐವತ್ತು ವರ್ಷಕ್ಕೂ ಮೇಲೆ ಬಾಳಿದ ಊರು. ಬಸ್ ಸ್ಟ್ಯಾಂಡಿನಿಂದ ಮನೆಗೆ, ಮನೆಯಿಂದ ಬಸ್ ಸ್ಟ್ಯಾಂಡಿಗೆ ನೇರ ದಾರಿ ಗೊತ್ತು. ಬೆಟ್ಟದ ಹಿಂದೆ ಬೀದಿಗಳಿವೆ ಎಂಬುದು ಕೇಳಿ ಗೊತ್ತು. ಒಂದು ಓಣಿ ಹೊಕ್ಕೆ, ಅದು ಒಬ್ಬರ ದನದ ಕೊಟ್ಟಿಗೆಯಲ್ಲಿ ಮುಗಿಯಿತು. ಇನ್ನೊಂದು ಹೊಕ್ಕೆ, ಅದು ಬಂಡೆಗೆ ಸೇರಿತು. ಮತ್ತೊಂದು ಸುತ್ತಿಕೊಂಡು ಬಂದು ಮೊದಲು ಹೊಕ್ಕ ಜಾಗಕ್ಕೇ ಬಿಟ್ಟಿತು. ಬಿಸಿಲೇರಿತು. ಡಬ್ಬದ ಹೊರಮೈಯೆಲ್ಲ ಬೆವರಿತು, ನನ್ನದೂ. ಒಂದು ನಲ್ಲಿಯ ಹತ್ತಿರ ಪಾತ್ರೆ ಉಜ್ಜುತ್ತಿದ್ದ ಹೆಂಗಸು ನಾನು ಮೂರನೆಯ ಸಲ ಹಾದುಹೋಗುವುದನ್ನು ನೋಡಿ ಕೈ ನಿಲ್ಲಿಸಿದಳು.

"ಆಗ್ಲಿಂದ ನೋಡ್ತಾ ಇದ್ದೀನಿ, ಇಲ್ಲೇ ಸುತ್ತುತಾ ಇದ್ದೀಯಲ್ಲ. ಯಾವೂರ್ ತಾತ ನಿಂದು?" ಎಂದಳು.

ನಾಲ್ಕು ತಾಲ್ಲೂಕಿನ ಜನಕ್ಕೆ ದಾರಿ ತೋರಿಸಿದ ಕಂಡಕ್ಟರು ನಾನು ಎಂದು ಹೇಳಲು ಬಾಯಿ ತೆರೆದೆ. ಡಬ್ಬವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.

"ಹೊಸಬ ಕಣಮ್ಮ," ಎಂದೆ.